ಆಸ್ಪತ್ರೆಯಲ್ಲಿ ದರ ಕೇಳುವುದು ನಮ್ಮ ಹಕ್ಕು
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ನಮ್ಮ ಸಂಘದ ಸಾಲದ ಪುಸ್ತಕ ತೆರೆದು ನೋಡಿ. ಮದುವೆ, ಮನೆ ರಿಪೇರಿ, ಮಕ್ಕಳ ಫೀಸಿನ ಜೊತೆಗೆ "ಆಸ್ಪತ್ರೆ ಖರ್ಚು" ಎಂದೂ ಬರೆದಿರುತ್ತದೆ. ಮೀನು ಕೊಳ್ಳುವಾಗ ನಾಲ್ಕು ಕಡೆ ದರ ವಿಚಾರಿಸುವ ನಾವು ಆಸ್ಪತ್ರೆಯ ಕೌಂಟರಿನಲ್ಲಿ ಸುಮ್ಮನಿರುತ್ತೇವೆ. "ಡಾಕ್ಟ್ರ ಹತ್ರ ದುಡ್ಡಿನ ವಿಷಯ ಹೇಗೆ ಕೇಳುವುದು ಮಾರಾಯ್ರೆ?" ಎನ್ನುತ್ತೇವೆ. ಕೇಳಬೇಕು. ಕಾನೂನು ನಮ್ಮ ಜೊತೆಗಿದೆ.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಖಾಸಗಿ ಆಸ್ಪತ್ರೆಗಳು ಚಿಕಿತ್ಸೆಯ ದರಗಳನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. 2017ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾಯಿತು. ಅದರಂತೆ ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಒತ್ತಾಯಿಸುವಂತಿಲ್ಲ. ರೋಗಿ ತೀರಿಕೊಂಡರೆ, ಬಿಲ್ ಬಾಕಿ ಇದೆಯೆಂದು ಶವ ಕೊಡದೆ ಇರುವಂತಿಲ್ಲ. ಬಾಕಿ ಮನ್ನಾ ಆಗುವುದಿಲ್ಲ. ಆಸ್ಪತ್ರೆಯವರು ಅದನ್ನು ಆಮೇಲೆ ವಸೂಲು ಮಾಡಬಹುದು. ದೂರು ಇದ್ದರೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಬರೆದು ಕೊಡಿ.

ಮೂರು ವಿಷಯ ನೆನಪಿಡಿ.

1. ಸೇರಿಸುವಾಗಲೇ "ಒಟ್ಟು ಎಷ್ಟು ಆಗಬಹುದು?" ಎಂದು ಕೇಳಿ, ಅಂದಾಜನ್ನು ಕಾಗದದಲ್ಲಿ ಬರೆಸಿಕೊಳ್ಳಿ.

2. ಬಿಪಿಎಲ್ ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ತುರ್ತು ಇಲ್ಲದಿದ್ದರೆ ಮೊದಲು ವೆನ್‌ಲಾಕ್ ಅಥವಾ ಲೇಡಿಗೋಷನ್ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಕೇಳಿ. ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋದರೆ ಯೋಜನೆಯ ಸಹಾಯ ತಪ್ಪಿಹೋಗಬಹುದು.

3. ಬಿಡುಗಡೆಯಾಗುವಾಗ ಔಷಧಿ, ಪರೀಕ್ಷೆ, ಕೋಣೆ ಬಾಡಿಗೆ ಬೇರೆ ಬೇರೆಯಾಗಿ ತೋರಿಸಿದ ಬಿಲ್ ಕೇಳಿ ಪಡೆಯಿರಿ.

ಬಿಲ್ ಕಟ್ಟಲು ಮೈಕ್ರೋಫೈನಾನ್ಸ್ ಸಾಲ ಮಾಡಿದವರೂ ನಮ್ಮಲ್ಲಿದ್ದಾರೆ. ಕಂತು ತಪ್ಪಿದರೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಪೀಡಿಸಬಾರದು, ಕೆಟ್ಟ ಮಾತು ಆಡಬಾರದು ಎಂದು 2022ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯವೂ ಕಾನೂನು ತಂದಿದೆ. ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಸಾಲ ತೀರಿಸಬೇಕು, ನಿಜ. ಮಾನ ಕೊಟ್ಟು ತೀರಿಸಬೇಕಾಗಿಲ್ಲ.

ಮನೆಯಲ್ಲಿ ಕಾಯಿಲೆ ಬಂದಾಗ ಒಬ್ಬಳಿಗೇ ಇದನ್ನೆಲ್ಲಾ ಕೇಳಲು ಧೈರ್ಯ ಸಾಲುವುದಿಲ್ಲ. ಆದ್ದರಿಂದ ಸದಸ್ಯೆಯ ಮನೆಯವರು ಆಸ್ಪತ್ರೆಗೆ ಸೇರಿದರೆ ಸಂಘದ ಇಬ್ಬರು ಜೊತೆಗೆ ಹೋಗಬೇಕೆಂದು ಮುಂದಿನ ಸಭೆಯಲ್ಲಿ ನಿರ್ಣಯ ಮಾಡಿ, ಪುಸ್ತಕದಲ್ಲಿ ಬರೆಯಿರಿ. ವಾರವಾರ ಉಳಿತಾಯ ಮಾಡಿದ ಹಣವನ್ನು ಕಾಪಾಡುವ ದಾರಿಯೂ ಇದೇ.