ಮನೆಗೊಂದು ಹಣ: ದೇವರ ಮನೆಯ ನಾಳೆಯನ್ನು ಸಭೆ ಕೂತು ನಿರ್ಧರಿಸಿದವರು

ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಹಳೆಯ ಬಸದಿ ಇದೆ. ಎದುರಿಗೆ ಎತ್ತರದ ದೀಪಸ್ತಂಭ, ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ. ಕಂಬದ ಮೇಲಿನ ಸಂಸ್ಕೃತ ಶಾಸನದ ಪ್ರಕಾರ ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ ಇದನ್ನು ಕುಂಥುನಾಥ ತೀರ್ಥಂಕರನಿಗಾಗಿ ಶಕವರ್ಷ 1307ರಲ್ಲಿ, ಅಂದರೆ 1385-86ರಲ್ಲಿ ಕಟ್ಟಿಸಿದ. ಊರ ಜನ ಅದನ್ನು ಕರೆಯುವುದು ಗಾಣಗಿತ್ತಿ ಗುಡಿ ಎಂದು. ಇವತ್ತು ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಗೋಡೆಗಳು ಗಟ್ಟಿಯಾಗಿವೆ, ಆದರೆ ಅಲ್ಲಿ ದಿನವೂ ಕೂಡುವ ಶ್ರಾವಕರಿಲ್ಲ.

ಹಂಪಿಯ ಸುತ್ತ ಇಂಥ ಕಟ್ಟಡಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಯಾರು ಕಟ್ಟಿಸಿದರು, ಯಾರು ಕೆಡವಿದರು ಎಂಬುದನ್ನು ಗೈಡುಗಳು ಬಾಯಿಪಾಠವಾಗಿ ಹೇಳುತ್ತಾರೆ. ಈ ಎರಡರ ನಡುವೆ, ನೂರಾರು ವರ್ಷ, ಸೋರುವ ಮಾಳಿಗೆಗೆ ಯಾರು ದುಡ್ಡು ಹಾಕಿದರು? ಬಿರುಕು ಬಿಟ್ಟ ಗೋಡೆಯ ವಿಷಯವನ್ನು ಯಾರು ಯಾರೊಂದಿಗೆ ಕೂತು ಮಾತಾಡಿದರು? ಇದನ್ನು ಕೇಳುವವರು ಕಡಿಮೆ. ಒಂದು ಚರ್ಚು, ಒಂದು ಬಸದಿ, ಒಂದು ಗುಡಿ ಉಳಿಯಬೇಕೋ, ಬದಲಾಗಬೇಕೋ, ಬೇರೆಡೆಗೆ ಹೋಗಬೇಕೋ ಎಂಬುದನ್ನು ಅಲ್ಲಿ ಸೇರುವ ಜನರೇ ಒಟ್ಟಾಗಿ ತೀರ್ಮಾನಿಸುವ ಪದ್ಧತಿಗೆ ಈ ನೆಲದಲ್ಲಿ ಉದ್ದನೆಯ ಇತಿಹಾಸವಿದೆ.

ಅದರ ಅತ್ಯಂತ ಸ್ಪಷ್ಟವಾದ ದಾಖಲೆ 1368ರ ಒಂದು ಶಾಸನ, ಇರುಗಪ್ಪನ ಬಸದಿಗಿಂತ ಹದಿನೇಳು ಹದಿನೆಂಟು ವರ್ಷ ಹಿಂದಿನದು. ಆಗ ವಿಜಯನಗರದಲ್ಲಿ ಬುಕ್ಕರಾಯ ಆಳುತ್ತಿದ್ದ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಜೈನರು ಒಟ್ಟಾಗಿ ಅರಸನ ಬಳಿಗೆ ಬಂದರು. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂಬುದು ಅವರ ದೂರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರಿಂದ ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಬುಕ್ಕರಾಯ ಸೇರಿಸಿದ. ಆ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲದವರ ಹೆಸರೂ ಇದೆ. ಮುಂದಿನ ಶತಮಾನಗಳಲ್ಲಿ ಗುಡಿಯ ಬಾಗಿಲಲ್ಲೇ ತಡೆಯಲ್ಪಟ್ಟ ಸಮುದಾಯಗಳು ಅಂದಿನ ಒಪ್ಪಂದದಲ್ಲಿ ಒಂದು ಪಕ್ಷವಾಗಿ ನಿಂತಿದ್ದವು ಎಂಬುದನ್ನು ಮರೆಯಬಾರದು. ಅರಸ ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳ ನಡುವೆ ಭೇದವಿಲ್ಲ ಎಂದು ಸಾರಿದ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಖಚಿತವಾಯಿತು.

ಸೌಹಾರ್ದದ ಮಾತು ಬಂದಾಗಲೆಲ್ಲ ಕನ್ನಡಿಗರು ಈ ಶಾಸನವನ್ನು ನೆನೆಯುತ್ತಾರೆ. ಕೈಗೆ ಕೈ ಕೊಡಿಸಿದ ದೃಶ್ಯ ಅಷ್ಟು ದೊಡ್ಡದು. ಆದರೆ ಅದರ ಮುಂದಿನ ಸಾಲುಗಳು ಇನ್ನೂ ಹೆಚ್ಚಿನ ಗಮನಕ್ಕೆ ಯೋಗ್ಯವಾಗಿವೆ. ರಾಜ್ಯದ ಜೈನರೆಲ್ಲರ ಒಪ್ಪಿಗೆಯ ಮೇರೆಗೆ ಮನೆಬಾಗಿಲಿಗೆ ವರ್ಷಕ್ಕೆ ಒಂದು ‘ಹಣ’ ನಾಣ್ಯದಂತೆ ಎತ್ತಬೇಕು. ಎತ್ತುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವನದು. ಆ ದುಡ್ಡಿನಲ್ಲಿ ಶ್ರವಣಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಡಬೇಕು. ಮಿಕ್ಕ ಹಣದಿಂದ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ತಪ್ಪಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ದೂರು ಹೊತ್ತು ಬಂದವರ ಮುಂದಾಳುವಾಗಿದ್ದ ಕಲ್ಲೇಹದ ಬಸುವಿಸೆಟ್ಟಿಗೆ ಎರಡೂ ಕಡೆಯವರು ಸೇರಿ ಸಂಘನಾಯಕ ಎಂಬ ಪಟ್ಟ ಕಟ್ಟಿದರು. ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ.

ಅರಸನ ಬೊಕ್ಕಸದಿಂದ ಒಂದೇ ಸಲ ದೊಡ್ಡ ದತ್ತಿ ಬಿಡಿಸಿಕೊಂಡು ಹೋಗಬಹುದಿತ್ತು. ಜೈನರು ಅದರ ಬದಲು ಪ್ರತಿ ಮನೆಯಿಂದ ಪ್ರತಿ ವರ್ಷ ಸಣ್ಣ ಮೊತ್ತ ಕೊಡಲು ಒಪ್ಪಿದರು. ಹಣ ಕೊಡುವವರು ಯಾರು, ಎತ್ತುವವರು ಯಾರು, ಯಾವುದಕ್ಕೆ ಮೊದಲು ಖರ್ಚು, ಉಳಿದದ್ದು ಏನು ಮಾಡುವುದು, ಎಲ್ಲವೂ ಎಲ್ಲರಿಗೂ ಕಾಣುವ ಕಲ್ಲಿನ ಮೇಲೆ ಬಂತು. ಇವತ್ತಿನ ಎಷ್ಟೋ ದೇವಸ್ಥಾನ ಸಮಿತಿಗಳ ಲೆಕ್ಕಪತ್ರ ಇಷ್ಟು ಸ್ಪಷ್ಟವಾಗಿರುವುದಿಲ್ಲ.

ವಿಜಯನಗರದಲ್ಲಿ ಆಮೇಲೆ ಎದ್ದ ಕಟ್ಟಡಗಳೂ ಈ ಸಹಬಾಳ್ವೆಯ ಮುಂದುವರಿಕೆಯೇ. 1426ರಲ್ಲಿ ಎರಡನೆಯ ದೇವರಾಯ ಪಾನ್ ಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥನ ಕಲ್ಲುಬಸದಿ ಕಟ್ಟಿಸಿದ. 1439ರಲ್ಲಿ ಅವನ ಸೇವೆಯಲ್ಲಿದ್ದ ಅಹಮದ್ ಖಾನ್ ತನ್ನ ದೊರೆಗೆ ಪುಣ್ಯವಾಗಲೆಂದು ಒಂದು ಧರ್ಮಶಾಲೆಯನ್ನೂ ಬಾವಿಯನ್ನೂ ಮಾಡಿಸಿದ. ಆ ಧರ್ಮಶಾಲೆಯನ್ನೇ ಇಂದು ಅಹಮದ್ ಖಾನನ ಮಸೀದಿ ಎನ್ನುತ್ತಾರೆ.

1565ರ ಯುದ್ಧದ ಬಳಿಕ ರಾಜಧಾನಿ ಬರಿದಾಯಿತು. ವಿಠ್ಠಲ ದೇವಾಲಯದಲ್ಲಿ ಪೂಜೆ ನಿಂತಿತು. ಕೃಷ್ಣದೇವರಾಯ ಉದಯಗಿರಿಯಿಂದ ತಂದು ಪ್ರತಿಷ್ಠಾಪಿಸಿದ ಬಾಲಕೃಷ್ಣ ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದ್ದಾನೆ. ವಿರೂಪಾಕ್ಷನ ಗುಡಿಯಲ್ಲಿ ಮಾತ್ರ ದೀಪ ಉರಿಯುತ್ತಲೇ ಇತ್ತು. ಪೂಜೆ ನಿಂತ ಗುಡಿ, ಉಳಿದ ಗುಡಿ, ಎರಡಕ್ಕೂ ಅರಸರ ಆಶ್ರಯವಿತ್ತು. ವ್ಯತ್ಯಾಸ ಜನರದು: ಸುತ್ತಲಿನ ಹಳ್ಳಿಗಳ ಒಕ್ಕಲುಗಳು ಮದುವೆಗೆ, ಮುಡಿಗೆ, ತೇರಿಗೆ ವಿರೂಪಾಕ್ಷನ ಬಳಿಗೇ ಬರುತ್ತಿದ್ದರು. 1837ರಲ್ಲಿ ಬಳ್ಳಾರಿಯ ಕಲೆಕ್ಟರ್ ರಾಬರ್ಟ್‌ಸನ್ ಆ ಗುಡಿಯ ಗೋಪುರ ದುರಸ್ತಿ ಮಾಡಿಸಿದ್ದೂ ಅಲ್ಲಿ ಭಕ್ತರು ಇದ್ದುದರಿಂದಲೇ.

ಅಷ್ಟು ಹೊತ್ತಿಗೆ ಬಳ್ಳಾರಿಗೆ ಮತ್ತೊಂದು ಬಗೆಯ ಸಭೆ ಬಂದಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ನೆಲೆಸಿದರು. ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ಕೈಹಾಕಿದರು, ಶಾಲೆ ತೆರೆದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. ಈ ಸೊಸೈಟಿಯ ಬಹುಪಾಲು ಜನ ಕಾಂಗ್ರಿಗೇಶನಲ್ ಪಂಥದವರು. ಆ ಪಂಥದ ತಿರುಳು ಸರಳ: ಸಭೆಯ ವಿಷಯದಲ್ಲಿ ಬಿಷಪ್ಪರ ಆಜ್ಞೆಯಿಲ್ಲ, ಸರಕಾರದ ಕಟ್ಟಳೆಯಿಲ್ಲ. ಸದಸ್ಯರು ಒಟ್ಟಾಗಿ ಪ್ರಾರ್ಥಿಸಿ, ಚರ್ಚಿಸಿ ಒಪ್ಪಿದ್ದೇ ಕೊನೆಯ ಮಾತು. ದಕ್ಷಿಣದ ಕಾಂಗ್ರಿಗೇಶನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು 1908ರಲ್ಲಿ ಒಂದಾದವು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರೂ ಕೂಡಿಕೊಂಡು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ಸ್ವಾತಂತ್ರ್ಯ ಬಂದು ಆರು ವಾರ ಕಳೆದಿತ್ತಷ್ಟೆ.

ಬಿಷಪ್ಪರಿರುವ ಸಭೆ, ಇಲ್ಲದ ಸಭೆ, ಎರಡೂ ಒಂದೇ ಮನೆಯೊಳಗೆ ಬಂದಾಗ ಭಯ ಸಹಜ. ನಮ್ಮ ಚರ್ಚಿನಲ್ಲಿ ನಮಗೆ ಗೊತ್ತಿಲ್ಲದ ವಿಧಿಗಳನ್ನು ತಂದು ಹೇರುತ್ತಾರೇನೋ ಎಂಬ ಭಯ. ಅದಕ್ಕೇ ಏಕೀಕರಣದ ಒಪ್ಪಂದದಲ್ಲಿ ಒಂದು ವಚನ ಸೇರಿತು: ಯಾವ ಸಭೆಗೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನೆಯನ್ನಾಗಲಿ ಸೇವಕರನ್ನಾಗಲಿ ಹೇರಬಾರದು. ಆಸ್ತಿಯ ವಿಷಯ ಬೇರೆ ದಾರಿ ಹಿಡಿಯಿತು. ಅದೇ ವರ್ಷ ಸ್ಥಾಪಿತವಾದ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಆಸ್ತಿಗಳ ಒಡೆತನದ ಹೊಣೆ ಹೊತ್ತಿತು. ಪತ್ರ ಒಂದು ಕಡೆ, ಪ್ರಾರ್ಥನೆ ಮಾಡುವ ಜನ ಇನ್ನೊಂದು ಕಡೆ. ಕಟ್ಟಡದ ಭವಿಷ್ಯದ ಬಗ್ಗೆ ಮಾತು ಬಂದಾಗ ಪ್ರತಿ ಸಲವೂ ಈ ಎರಡು ಕಡೆಗಳು ಎದುರುಬದುರಾಗುತ್ತವೆ.

ಕನ್ನಡ ನಾಡಿನ ಪ್ರೊಟೆಸ್ಟಂಟ್ ಸಭೆಗಳಲ್ಲಿ ಇಂಥ ಮಾತು ಎಲ್ಲಿ ನಡೆಯುತ್ತದೆ ಎಂದು ತಿಳಿಯಬೇಕಾದರೆ ಸುಗ್ಗಿಹಬ್ಬದ ದಿನ ಹೋಗಬೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಒಬ್ಬರು ತಂದ ಕುಂಬಳಕಾಯಿ, ಇನ್ನೊಬ್ಬರ ನಾಟಿಕೋಳಿ, ಒಂದು ಗೊನೆ ಬಾಳೆ, ಅಜ್ಜಿ ಕರಿದು ತಂದ ಕರ್ಜಿಕಾಯಿ. ಕುಂಬಳಕಾಯಿಯನ್ನು ಕೊಂಡವರು ಮತ್ತೆ ಹರಾಜಿಗೇ ಇಡುತ್ತಾರೆ. ಒಂದೇ ಕಾಯಿ ಎರಡು ಮೂರು ಕೈ ದಾಟುತ್ತದೆ. ಬಂದ ದುಡ್ಡು ಸಭೆಯ ಖಾತೆಗೆ. ಮರದ ನೆರಳಲ್ಲಿ ಊಟಕ್ಕೆ ಕೂತಾಗ ಶುರುವಾಗುತ್ತದೆ ನಿಜವಾದ ಚರ್ಚೆ: ಹೆಂಚು ಬದಲಿಸಿದರೆ ಸಾಕೇ, ಅಥವಾ ಹಳೆಯದನ್ನು ಕೆಡವಿ ದೊಡ್ಡದು ಕಟ್ಟೋಣವೇ? ಭಾನುವಾರ ಹೊರಗೆ ನಿಲ್ಲುವ ಹುಡುಗರಿಗೆ ಜಾಗ ಬೇಕು. ಆ ಪೀಠದ ಮುಂದೆ ಮದುವೆಯಾದ ಹಿರಿಯರಿಗೆ ಪೀಠ ಅಲ್ಲೇ ಇರಬೇಕು. ಎರಡೂ ನ್ಯಾಯವೇ. ಕಮಿಟಿಯ ನಾಲ್ಕು ಜನ ಕೋಣೆಯಲ್ಲಿ ಕೂತು ತೀರ್ಮಾನಿಸಿ ಭಾನುವಾರ ಪ್ರಕಟಿಸಿದ ಕಡೆ ಒಡಕು ಹುಟ್ಟುತ್ತದೆ. ತಿಂಗಳುಗಟ್ಟಲೆ ಎಲ್ಲರನ್ನೂ ಕೇಳಿ, ಖರ್ಚಿನ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಹೆಂಗಸರ ಕೂಟವನ್ನೂ ಸೇರಿಸಿಕೊಂಡು ಮುಂದುವರಿದ ಕಡೆ ಸೋತ ಪಕ್ಷದವರೂ ಇಟ್ಟಿಗೆ ಹೊರುತ್ತಾರೆ.

ಮೇಲಿನಿಂದ ಬಂದ ತೀರ್ಮಾನಗಳೆಲ್ಲ ಕೆಟ್ಟವೆಂದಲ್ಲ. ಸಂಡೂರು ಸ್ವಾತಂತ್ರ್ಯಕ್ಕೆ ಮುಂಚೆ ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು. 1932ರಲ್ಲಿ ಅಲ್ಲಿನ ಅರಸರು ದೇವಾಲಯಗಳನ್ನು ದಲಿತರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಬಂದದ್ದು ಅದಕ್ಕೂ ನಾಲ್ಕು ವರ್ಷ ತಡವಾಗಿ, 1936ರಲ್ಲಿ. ಬಾಗಿಲು ತೆರೆಯಲು ಅರಸನ ಆಜ್ಞೆ ಬೇಕಾಗಿತ್ತು, ನಿಜ. ಒಳಗಿದ್ದವರು ತಾವಾಗಿ ತೆರೆಯುವ ಲಕ್ಷಣವಿರಲಿಲ್ಲ.

ಕಟ್ಟಡವನ್ನೇ ಬಿಟ್ಟುಹೋಗಬೇಕಾದ ಪರಿಸ್ಥಿತಿಯೂ ಈ ಸೀಮೆಗೆ ಗೊತ್ತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯಲ್ಲಿ 1953ಕ್ಕೆ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆ ಅವುಗಳಲ್ಲೊಂದು. ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದಾಗ ಲಕ್ಷ್ಮೀನಾರಾಯಣ, ಆಂಜನೇಯ ಇಬ್ಬರನ್ನೂ ಜೊತೆಗೆ ಕರೆತಂದರು. ಊರು ಹೋಯಿತು, ತೇರು ನಿಲ್ಲಲಿಲ್ಲ. ರಾಮನವಮಿಗೆ ಮರಿಯಮ್ಮನಹಳ್ಳಿಯಲ್ಲಿ ಎಳೆಯುವ ಜೋಡಿ ತೇರು ಆ ತೀರ್ಮಾನದ ಫಲ. ಹಾಸನದ ಶೆಟ್ಟಿಹಳ್ಳಿಯಲ್ಲಿ ಇದೇ ಕಥೆ ಬೇರೆ ತಿರುವು ಪಡೆಯಿತು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಜಪಮಾಲೆ ಮಾತೆಯ ಚರ್ಚು ಹೇಮಾವತಿ ಹಿನ್ನೀರಿಗೆ ಸಿಕ್ಕಿತು. ಕ್ರೈಸ್ತ ಕುಟುಂಬಗಳು ಬೇರೆಡೆಗೆ ಹೋದವು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಅದರ ಗೋಡೆಗಳ ಮುಂದೆ ಈಗ ಫೋಟೋ ತೆಗೆಸಿಕೊಳ್ಳುವವರ ಸಾಲು.

ನೀರಲ್ಲದೆ ಆಜ್ಞೆಯೂ ಜನರನ್ನು ಎಬ್ಬಿಸುತ್ತದೆ. ಹಂಪಿಗೆ 1986ರಲ್ಲಿ ವಿಶ್ವಪರಂಪರೆಯ ಪಟ್ಟ ಸಿಕ್ಕಿತು, 2002ರಲ್ಲಿ ಅದನ್ನು ನೋಡಿಕೊಳ್ಳುವ ಪ್ರಾಧಿಕಾರದ ಕಾಯ್ದೆ ಬಂತು. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಮನೆ ಅಂಗಡಿಗಳು ಬುಲ್ಡೋಜರಿಗೆ ಸಿಕ್ಕವು. ಮಂಟಪಗಳನ್ನು ಉಳಿಸಬೇಕೆಂಬ ಉದ್ದೇಶ ಸರಿಯಾದದ್ದೇ. ಆದರೆ ಜಾತ್ರೆಗೆ ಹೂವು ಕಾಯಿ ಒದಗಿಸುತ್ತಿದ್ದವರನ್ನು ಮೊದಲು ಕೂರಿಸಿ ಕೇಳಲಿಲ್ಲ, ಅದು ತಪ್ಪು. ಖಾಲಿಯಾದ ಅದೇ ಸಾಲುಮಂಟಪದ ಒಂದು ಭಾಗ 2024ರ ಮೇ ತಿಂಗಳ ಮಳೆಗೆ ಕುಸಿದುಬಿತ್ತು. ಜನರನ್ನು ತೆರವು ಮಾಡಿದ ಮಾತ್ರಕ್ಕೆ ಕಲ್ಲು ಸುರಕ್ಷಿತವಾಗುವುದಿಲ್ಲ.

ಯುರೋಪಿನಲ್ಲಿ ಸಮಸ್ಯೆ ತಿರುಗುಮುರುಗು: ಅಲ್ಲಿ ಚರ್ಚುಗಳಿವೆ, ಬರುವವರು ಕಡಿಮೆ. ಇಂಗ್ಲೆಂಡ್ 1969ರಲ್ಲಿ ಬಳಕೆ ತಪ್ಪಿದ ಚರ್ಚುಗಳಿಗೆಂದೇ ಒಂದು ನಿಧಿ ತೆರೆಯಿತು. ನೆದರ್‌ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ 13ನೇ ಶತಮಾನದ ಡೊಮಿನಿಕನ್ ಚರ್ಚು 2006ರಿಂದ ಪುಸ್ತಕದ ಅಂಗಡಿ. ನಮ್ಮಲ್ಲಿ ಒತ್ತಡ ನೆಲದ ಬೆಲೆಯದು. ಬೆಂಗಳೂರಿನ ಆಲ್ ಸೇಂಟ್ಸ್ ಚರ್ಚು ರಾಬರ್ಟ್ ಚಿಸಮ್ ವಿನ್ಯಾಸದಲ್ಲಿ 1870ರ ಸುಮಾರಿಗೆ ಎದ್ದದ್ದು, ಸುತ್ತ ಹಳೆಯ ಮರಗಳ ತೋಟ. 2019ರಲ್ಲಿ ಮೆಟ್ರೋ ನಿಲ್ದಾಣಕ್ಕೆ ಅದರ ಜಾಗ ಬೇಕೆಂದಾಗ ಸಭೆಯ ಸದಸ್ಯರೇ ಮುಂದೆ ನಿಂತು ಆಕ್ಷೇಪಿಸಿದರು. ಅವರ ದೂರು ಯೋಜನೆಗೆ ಸಾಲ ಕೊಟ್ಟ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನವರೆಗೂ ಹೋಯಿತು. ಬೆಂಗಳೂರಿನ ಒಂದು ಸಣ್ಣ ಸಭೆಯ ದನಿ ಅಷ್ಟು ದೂರ ತಲುಪಿತು.

ಕೇಳುಗರಲ್ಲಿ ಒಂದು ಕೋರಿಕೆ. ಹೊಸಪೇಟೆಯಲ್ಲಿರಲಿ, ಕಂಪ್ಲಿಯಲ್ಲಿರಲಿ, ಸಂಡೂರಿನ ಹಳ್ಳಿಗಳಲ್ಲಿರಲಿ, ನೀವು ಹೋಗುವ ಚರ್ಚು, ಗುಡಿ, ಮಸೀದಿ, ಬಸದಿಯ ವಾರ್ಷಿಕ ಸಭೆಗೆ ಈ ಸಲ ತಪ್ಪದೆ ಹೋಗಿ. ಲೆಕ್ಕದ ಪುಸ್ತಕ ತೆರೆಸಿ. ಮಾಳಿಗೆಯ ಸ್ಥಿತಿ ಕೇಳಿ, ಆಸ್ತಿಪತ್ರ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಮಾತಾಡದೆ ಹಿಂದೆ ಕೂತ ಹೆಂಗಸರನ್ನೂ ಹುಡುಗರನ್ನೂ ಮುಂದೆ ಕರೆಯಿರಿ. ಆದ ತೀರ್ಮಾನವನ್ನು ತಾರೀಖಿನೊಂದಿಗೆ ಬರೆಸಿ, ಎಲ್ಲರ ಸಹಿ ಹಾಕಿಸಿ.