ಏಜೆಂಟ್ ಇಲ್ಲದೆ ಮನೆ ಮಾರಿ, ಕಾಗದ ಇಲ್ಲದೆ ಮಾತ್ರ ಬೇಡ

(ಡೈಮಂಡ್ ಬಾರ್‌ನಲ್ಲಿ ಸೇರಿದ್ದ ಕನ್ನಡಿಗರ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)

ಸ್ಯಾನ್ ಡಿಯಾಗೋದಿಂದ ಬಂದಿರುವ ಗೆಳೆಯರಿಗೆ ನಮಸ್ಕಾರ. 57 ಮತ್ತು 60 ಸೇರುವ ಜಾಗ ದಾಟಿ ಬಂದವರ ತಾಳ್ಮೆ ದೊಡ್ಡದು. ಊಟಕ್ಕೆ ಮೊದಲು ಮನೆ ಮಾರಾಟದ ಬಗ್ಗೆ ನಾಲ್ಕು ಮಾತು ಹೇಳಿ ಅಂದಿದ್ದಾರೆ. ನಾನು ವಕೀಲನಲ್ಲ, ಏಜೆಂಟೂ ಅಲ್ಲ. ಏಜೆಂಟ್ ಇಲ್ಲದೆ ಒಂದು ಮನೆ ಮಾರಿ, ಅದರಲ್ಲಿ ಒಂದು ತಪ್ಪು ಮಾಡಿದವನು. ಅಷ್ಟೇ ನನ್ನ ಅರ್ಹತೆ.

ಮೊದಲು ಲೆಕ್ಕ. 9 ಲಕ್ಷ ಡಾಲರ್ ಮನೆಗೆ ಶೇಕಡ 5 ಕಮಿಷನ್ ಅಂದರೆ 45 ಸಾವಿರ ಡಾಲರ್. ಈ ದರವನ್ನು ಯಾವ ಕಾನೂನೂ ನಿಗದಿ ಮಾಡಿಲ್ಲ, ಚೌಕಾಸಿ ಮಾಡಬಹುದು. 2024ರ ಆಗಸ್ಟ್ 17ರಿಂದ ರಿಯಲ್ಟರುಗಳ ಸಂಘದ ನಿಯಮವೂ ಬದಲಾಯಿತು. ಕೊಳ್ಳುವವರ ಏಜೆಂಟಿಗೆ ಇಷ್ಟು ಕೊಡುತ್ತೇವೆ ಎಂದು ಎಂಎಲ್‌ಎಸ್ ಪಟ್ಟಿಯಲ್ಲಿ ಹಾಕುವ ಹಾಗಿಲ್ಲ. ಕೊಳ್ಳುವವರು ಮನೆ ನೋಡಲು ಹೋಗುವ ಮೊದಲೇ ತಮ್ಮ ಏಜೆಂಟಿನ ಜೊತೆ ಲಿಖಿತ ಕರಾರು ಮಾಡಿಕೊಳ್ಳಬೇಕು. ಹಾಗಂತ ಖರ್ಚು ಪೂರ್ತಿ ತಪ್ಪುವುದಿಲ್ಲ. ಅವರ ಏಜೆಂಟಿನ ಫೀಸನ್ನೂ ನೀವೇ ಕೊಡಿ ಎಂದು ಅವರು ಕೇಳಬಹುದು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಎರಡೂ ಕಡೆಯವರು ಪರಿಚಿತರಾದರೆ ಏಜೆಂಟ್ ಏಕೆ? ನಾನೂ ಹಾಗೆಯೇ ಅಂದುಕೊಂಡೆ. ಗ್ರ್ಯಾಂಡ್ ಅವೆನ್ಯೂ ಆಚೆಯ ಗುಡ್ಡದ ಮೇಲಿದ್ದ ನಮ್ಮ ಮೊದಲ ಮನೆಯನ್ನು ಒಂದು ಕನ್ನಡ ಕುಟುಂಬಕ್ಕೇ ಮಾರಿದೆ. ಯುಗಾದಿಗೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಹೋಳಿಗೆ ತಿಂದವರು ನಾವು. ಮಹಡಿಯ ಬಚ್ಚಲಿನಿಂದ ಹಿಂದೊಮ್ಮೆ ನೀರು ಸೋರಿ ಕೆಳಗಿನ ಸೀಲಿಂಗ್ ಹಾಳಾಗಿತ್ತು. ಪೈಪು ಸರಿ ಮಾಡಿಸಿ ಪೇಂಟ್ ಹೊಡೆಸಿದ್ದೆ. ಕಾಫಿ ಕುಡಿಯುವಾಗ ಆ ಮಾತು ಹೇಳಿದ್ದೆ ಕೂಡ. ಆದರೆ ಫಾರಂ ತುಂಬುವಾಗ, ರಿಪೇರಿ ಆಗಿದೆಯಲ್ಲ ಎಂದುಕೊಂಡು ಬರೆಯಲಿಲ್ಲ.

ಎರಡನೇ ಚಳಿಗಾಲಕ್ಕೆ ಅದೇ ಜಾಗದಲ್ಲಿ ಕಲೆ ಮೂಡಿತು. "ನಮಗೆ ಮೊದಲೇ ಹೇಳಬಾರದಿತ್ತೇ?" ಎಂದು ಅವರು ಫೋನಿನಲ್ಲಿ ಕೇಳಿದರು. ಹೇಳಿದ್ದೆನಲ್ಲ ಎಂದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಾನು ಹೇಳಿದ್ದೆ, ಅವರ ಕಿವಿಗೆ ಅದು ಬಿದ್ದಿರಲಿಲ್ಲ. ರಿಪೇರಿ ಖರ್ಚು ನಾನೇ ಕೊಟ್ಟೆ. ಆದರೂ ಎರಡು ಯುಗಾದಿ ಅವರು ನಮ್ಮ ಮನೆಗೆ ಬರಲಿಲ್ಲ. ಮೂರನೆಯದಕ್ಕೆ ನನ್ನ ಹೆಂಡತಿಯೇ ಹೋಗಿ ಕರೆದುಕೊಂಡು ಬಂದಳು.

ಆಮೇಲೆ ಕಾನೂನು ಓದಿದೆ. ಮನೆಯ ಬಗ್ಗೆ ತನಗೆ ಗೊತ್ತಿರುವ ದೋಷಗಳನ್ನು ಮಾರುವವರು ಬರೆದು ಕೊಡಬೇಕು ಎಂಬುದು ಕ್ಯಾಲಿಫೋರ್ನಿಯಾದಲ್ಲಿ 1987ರಿಂದ ಇರುವ ನಿಯಮ. ಟ್ರಾನ್ಸ್‌ಫರ್ ಡಿಸ್‌ಕ್ಲೋಷರ್ ಸ್ಟೇಟ್‌ಮೆಂಟ್ ಎಂದು ಅದರ ಹೆಸರು. ಏಜೆಂಟ್ ಇಲ್ಲದಿದ್ದರೂ ಇದು ತಪ್ಪುವುದಿಲ್ಲ. "ಇದ್ದದ್ದು ಇದ್ದ ಹಾಗೆ" ಎಂದು ಮಾರಿದರೂ ತಪ್ಪುವುದಿಲ್ಲ. ಬೆಂಕಿ, ಪ್ರವಾಹ, ಭೂಕಂಪದ ವಲಯಗಳ ಬಗ್ಗೆ ಬೇರೆ ಫಾರಂ ಇದೆ. ನಮ್ಮಂಥ ಗುಡ್ಡದ ಊರಿಗೆ ಅದು ಬರೀ ಶಾಸ್ತ್ರವಲ್ಲ. 1978ಕ್ಕಿಂತ ಹಿಂದಿನ ಮನೆಯಾದರೆ ಸೀಸದ ಪೇಂಟಿನ ಬಗ್ಗೆಯೂ ತಿಳಿಸಬೇಕು. ಸೋರಿ ಸರಿಯಾದದ್ದನ್ನೂ ಬರೆಯಿರಿ, ರಸೀದಿ ಲಗತ್ತಿಸಿ. ಅದು ನಿಮ್ಮ ಮನೆಗೆ ಕಳಂಕವಲ್ಲ, ನಿಮಗೆ ರಕ್ಷಣೆ.

ಇನ್ನು ಹಣ. ನಮ್ಮೂರಿನಲ್ಲಿ ಕೈಗೆ ಅಡ್ವಾನ್ಸ್ ಕೊಟ್ಟು ಮಾತು ಮುಗಿಸುತ್ತೇವೆ. ಇಸಿ ತೆಗೆಸಿ ಋಣಭಾರ ನೋಡುತ್ತೇವೆ. ಇಲ್ಲಿ ಆ ಕೆಲಸ ಟೈಟಲ್ ಕಂಪನಿಯದು, ಹಣ ಹಿಡಿದಿಟ್ಟುಕೊಳ್ಳುವುದು ಎಸ್ಕ್ರೋದವರು. ಸ್ನೇಹಿತರೇ ಆದರೂ ಚೆಕ್ ನೇರವಾಗಿ ಕೈಗೆ ಬೇಡ. ಹಣ ಕಳಿಸುವ ಖಾತೆ ಬದಲಾಗಿದೆ ಎಂದು ಈಮೇಲ್ ಬಂದರೆ ನಂಬಬೇಡಿ. ಮೊದಲೇ ಗೊತ್ತಿದ್ದ ನಂಬರಿಗೆ ಫೋನ್ ಮಾಡಿ ಕೇಳಿ. ಉಳಿಸಿದ ಕಮಿಷನ್ನಿನಲ್ಲಿ ಸ್ವಲ್ಪವನ್ನು ಒಬ್ಬ ರಿಯಲ್ ಎಸ್ಟೇಟ್ ವಕೀಲರಿಗೆ ಕೊಟ್ಟು ಕರಾರು ಓದಿಸಿ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಮಾರುವವರ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ನೋಡಿ ನಿಮ್ಮ ತಿಂಗಳ ಖರ್ಚು ಲೆಕ್ಕ ಹಾಕಬೇಡಿ. 1978ರ ಪ್ರೊಪೊಸಿಷನ್ 13ರ ಪ್ರಕಾರ ಮೂಲ ತೆರಿಗೆ ಶೇಕಡ 1; ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಳಬರು 3.5 ಲಕ್ಷದ ಮೇಲೆ 3,500 ಕಟ್ಟುತ್ತಿರಬಹುದು. ನೀವು 9 ಲಕ್ಷಕ್ಕೆ ಕೊಂಡರೆ ನಿಮಗೆ 9,000, ಅದರ ಮೇಲೆ ಸ್ಥಳೀಯ ಸೇರ್ಪಡೆಗಳು. ಕೊಂಡ ಕೆಲವು ತಿಂಗಳ ನಂತರ ವ್ಯತ್ಯಾಸದ ಸಪ್ಲಿಮೆಂಟಲ್ ಬಿಲ್ ನೇರವಾಗಿ ನಿಮ್ಮ ಅಂಚೆಪೆಟ್ಟಿಗೆಗೇ ಬರುತ್ತದೆ. ಸ್ಯಾನ್ ಡಿಯಾಗೋದ ಹೊಸ ಬಡಾವಣೆಗಳಲ್ಲಿ ಮೆಲೋ-ರೂಸ್ ತೆರಿಗೆ ಬೇರೆ. ಇದನ್ನೂ ಮಾರುವವರು ಬರೆದು ತಿಳಿಸಬೇಕು.

ಕೊನೆಯದು, ಕೆಲವರಿಗೆ ಕಹಿಯಾಗಬಹುದು. "ಕನ್ನಡದವರಿಗೆ ಮಾತ್ರ", "ಇಂಥ ಜನಕ್ಕೆ ಆದ್ಯತೆ" ಎಂದು ಬರೆದ ಮನೆ ಜಾಹೀರಾತುಗಳನ್ನು ನಾನು ನೋಡಿದ್ದೇನೆ. ಪ್ರೀತಿಯಿಂದಲೇ ಬರೆದಿರುತ್ತಾರೆ. ಆದರೆ ಜನಾಂಗ, ಧರ್ಮ, ಮೂಲದೇಶ ನೋಡಿ ಹಾಗೆ ಬರೆಯುವುದನ್ನು 1968ರ ಫೇರ್ ಹೌಸಿಂಗ್ ಕಾನೂನು ನಿಷೇಧಿಸುತ್ತದೆ. ಏಜೆಂಟ್ ಇಲ್ಲದೆ ಮಾರುವವರಿಗೂ ಈ ನಿಷೇಧ ಇದೆ.

ಅದರ ಹಿಂದಿನ ಕಥೆ ನೆನಪಿರಲಿ. 1913ರ ಕ್ಯಾಲಿಫೋರ್ನಿಯಾ ಕಾನೂನು, ಪೌರರಾಗಲು ಅರ್ಹತೆ ಇಲ್ಲದವರು ಜಮೀನು ಕೊಳ್ಳುವಂತಿಲ್ಲ ಎಂದಿತು. ಭಾರತೀಯರಿಗೆ ಆ ಅರ್ಹತೆ ಇಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸ್ಯಾನ್ ಡಿಯಾಗೋದ ಪೂರ್ವಕ್ಕಿರುವ ಇಂಪೀರಿಯಲ್ ಕಣಿವೆಯ ಪಂಜಾಬಿ ರೈತರು ತಾವು ಉತ್ತ ನೆಲವನ್ನು ಬೇರೆಯವರ ಹೆಸರಿನಲ್ಲಿ ಇಟ್ಟುಕೊಳ್ಳಬೇಕಾಯಿತು. ರಾಜ್ಯದ ಸುಪ್ರೀಂ ಕೋರ್ಟ್ ಆ ಕಾನೂನನ್ನು ತಳ್ಳಿಹಾಕಿದ್ದು 1952ರಲ್ಲಿ. ನಮ್ಮಂಥವರಿಗೆ ಮುಚ್ಚಿದ್ದ ಬಾಗಿಲು ಅದು. ನಾವು ಇನ್ನೊಬ್ಬರಿಗೆ ಮುಚ್ಚುವುದು ಬೇಡ. ಮನೆ ಮಾರಾಟಕ್ಕಿದೆ ಎಂದು ಕನ್ನಡಿಗರಿಗೂ ತಿಳಿಸಿ, ಉಳಿದವರಿಗೂ ತಿಳಿಸಿ.

ಕೊಳ್ಳುವವರು ಕನ್ನಡದವರೇ ಆದರೆ ಸಂತೋಷ. ಮಾತುಕತೆ ಕನ್ನಡದಲ್ಲೇ ಆಗಲಿ. ಆಮೇಲೆ ಆಡಿದ್ದೆಲ್ಲ ಕಾಗದದ ಮೇಲೆ ಬರಲಿ. ನನ್ನ ಹಳೆಯ ಮನೆಯವರು ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಈ ಕಥೆ ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ. ಈ ಸಲ ಬರೆಸಿಕೊಂಡು.

ಊಟಕ್ಕೆ ಏಳಿ.