ನಮ್ಮ ನಿದ್ದೆ ಯಾರ ಪಾಲಾಯಿತು?

(ವಿದ್ಯಾರ್ಥಿ ನಿಲಯವೊಂದರ ಸಭೆಯಲ್ಲಿ ಲಾರಿ ಡ್ರೈವರ್ ಸಂಗಾತಿಯೊಬ್ಬರು ಆಡಿದ ಮಾತುಗಳು. ಹೆಚ್ಚು ತಿದ್ದದೆ ಕೊಟ್ಟಿದ್ದೇವೆ.)



ನನಗೆ ಭಾಷಣ ಮಾಡಿ ರೂಢಿಯಿಲ್ಲ. ನಾನು ಲಾರಿ ಓಡಿಸೋನು. ಇಪ್ಪತ್ತೆರಡು ವರ್ಷದಿಂದ ಮುಳಬಾಗಿಲು ಕಡೆಯಿಂದ ಬೆಂಗಳೂರಿನ ಕಲಾಸಿಪಾಳ್ಯದ ಮಂಡಿಗೆ ತರಕಾರಿ ಲೋಡು ಹೊಡೀತಾ ಇದ್ದೀನಿ. ಯಾವ ವಿಷಯ ಮಾತಾಡ್ತೀರಣ್ಣ ಅಂತ ನಿಮ್ಮ ಕಾರ್ಯದರ್ಶಿ ಕೇಳಿದ. ನಿದ್ದೆ ಬಗ್ಗೆ ಅಂದೆ. ಅವನು ನಕ್ಕುಬಿಟ್ಟ. ಈಗ ನೀವೂ ನಗ್ತಾ ಇದ್ದೀರಿ. ನಗಿ, ಪರವಾಗಿಲ್ಲ. ಆದರೆ ಪೂರ್ತಿ ಕೇಳಿ.

ಮೊದಲು ನನ್ನ ದಿನ ಹೇಗಿರುತ್ತೆ ಅಂತ ಹೇಳ್ತೀನಿ. ರಾತ್ರಿ ಎಂಟಕ್ಕೆ ಲಾರಿ ತಂದು ನಿಲ್ಲಿಸಬೇಕು. ಒಂದೊಂದು ತೋಟದಿಂದ ಬೀನ್ಸು, ಕ್ಯಾರೆಟ್ಟು, ಟೊಮೆಟೊ ಬಾಕ್ಸು ಬಂದು ತುಂಬೋ ಹೊತ್ತಿಗೆ ಹನ್ನೆರಡು. ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಹೊರಡೋ ಹೊತ್ತಿಗೆ ಒಂದು. ನಾಲ್ಕರ ಒಳಗೆ ಮಂಡಿ ಸೇರಬೇಕು. ತಡವಾದರೆ ರೇಟು ಬೀಳುತ್ತೆ. ಬೆಳಕು ಹರಿದ ಮೇಲೆ ನಗರದೊಳಗೆ ಭಾರಿ ವಾಹನಕ್ಕೆ ನಿರ್ಬಂಧ. ಲೋಡು ಇಳಿಸಿ, ಖಾಲಿ ಬಾಕ್ಸು ಹೇರಿಕೊಂಡು, ಚೀಟಿ ಇಸಕೊಂಡು ಊರು ಸೇರೋದು ಹತ್ತೂವರೆಯೋ ಹನ್ನೊಂದೋ. ಉಂಡು ಮಲಗಿದರೆ ಶೀಟಿನ ಮನೆ, ನೆತ್ತಿ ಮೇಲೆ ಬಿಸಿಲು, ಬಾಗಿಲಲ್ಲಿ ಮಕ್ಕಳ ಗಲಾಟೆ. ನಾಲ್ಕಕ್ಕೆ ಮಾಲೀಕರ ಫೋನು. ಲೆಕ್ಕ ಹಾಕಿ. ದಿನಕ್ಕೆ ನಾಲ್ಕು ಗಂಟೆ ನಿದ್ದೆ. ಅದೂ ತುಂಡು ತುಂಡು.

ಮೊದಮೊದಲು ನಾನೂ ಎಲ್ಲರ ಹಾಗೆ ನಿದ್ದೆ ಗೆಲ್ಲೋದು ಗಂಡಸುತನ ಅಂತ ತಿಳಿದಿದ್ದೆ. ಕಿಟಕಿ ತೆಗೆದು ಮುಖಕ್ಕೆ ಗಾಳಿ ಹೊಡೆಸಿಕೊಳ್ಳೋದು, ತಣ್ಣೀರು ಎರಚಿಕೊಳ್ಳೋದು, ಜೋರಾಗಿ ಹಾಡು ಹಾಕೋದು, ಬೀಡಿ ಸೇದೋದು, ಹಸಿಮೆಣಸಿನಕಾಯಿ ಕಡಿಯೋದು. ಗುಟ್ಕಾ ಹಾಕ್ಕೊಂಡು ದವಡೆ ಆಡಿಸ್ತಾ ಇರೋದು. ಆ ಗುಟ್ಕಾದಿಂದ ಬಾಯಿ ಕ್ಯಾನ್ಸರಾಗಿ ಹೋದವರನ್ನ ನಾನು ಹೊತ್ತಿದ್ದೀನಿ. ನಿದ್ದೆ ಬರದ ಮಾತ್ರೆ ಮಾರೋರೂ ರೋಡಲ್ಲಿ ಸಿಗ್ತಾರೆ. ಇವು ಯಾವುವೂ ನಿದ್ದೆಯ ಸಾಲ ತೀರಿಸೋದಿಲ್ಲ. ಹತ್ತು ನಿಮಿಷ ಮುಂದಕ್ಕೆ ಹಾಕ್ತವೆ, ಅಷ್ಟೆ. ಸಾಲಗಾರ ಹಿಂದಿನ ಬಾಗಿಲಿಂದ ಬಂದೇ ಬರ್ತಾನೆ.

ಇದು ಬರೀ ನನ್ನ ಅನುಭವ ಅಲ್ಲ, ವಿಜ್ಞಾನವೂ ಇದನ್ನೇ ಹೇಳುತ್ತೆ. ನಮ್ಮ ಮೈಯೊಳಗೆ ಒಂದು ಗಡಿಯಾರ ಇದೆ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಅದು ಮೈಯನ್ನು ಮಲಗು ಮಲಗು ಅಂತ ಎಳೆಯುತ್ತೆ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಇನ್ನೊಮ್ಮೆ, ಸ್ವಲ್ಪ ಕಡಿಮೆ. ಎಷ್ಟು ವರ್ಷ ರಾತ್ರಿ ದುಡಿದರೂ ಆ ಗಡಿಯಾರ ಪೂರ್ತಿ ತಿರುಗೋದಿಲ್ಲ. ಹಗಲು ಮಲಗಿದವನ ನಿದ್ದೆ ರಾತ್ರಿ ನಿದ್ದೆಗಿಂತ ಚಿಕ್ಕದು, ತೆಳುವಾದದ್ದು.

ಇನ್ನೊಂದು ಸಂಗತಿ. ಕಣ್ಣು ತೆರೆದೇ ಇದ್ದರೂ ಮಿದುಳು ಒಂದೆರಡು ಸೆಕೆಂಡು, ನಾಲ್ಕೈದು ಸೆಕೆಂಡು ಮಲಗಿಬಿಡುತ್ತೆ. ಮಲಗಿದ್ದು ಮಲಗಿದವನಿಗೇ ಗೊತ್ತಾಗೋದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಲಾರಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಹೋಗುತ್ತೆ. ನಾಲ್ಕು ಸೆಕೆಂಡು ಅಂದರೆ 66 ಮೀಟರು. ತುಂಬಿದ ಲಾರಿ ಅಷ್ಟು ದೂರ ಡ್ರೈವರಿಲ್ಲದೆ ಓಡುತ್ತೆ. 1997ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಒಂದು ಪರೀಕ್ಷೆ ಪ್ರಕಟಿಸಿದರು. ಹದಿನೇಳು ಗಂಟೆ ಎಚ್ಚರವಿದ್ದವನ ಕೈ ಕಣ್ಣು, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವನ ಹಾಗೆ ಕೆಲಸ ಮಾಡ್ತವೆ ಅಂತ ಅದರಲ್ಲಿ ಕಂಡಿತು. ನಮ್ಮ ದೇಶದಲ್ಲಿ 0.03 ದಾಟಿದರೆ ಕೇಸು. ಕುಡಿದು ಓಡಿಸೋನನ್ನು ಪೊಲೀಸರು ಊದಿಸಿ ಹಿಡೀತಾರೆ. ನಿದ್ದೆಗೆಟ್ಟು ಓಡಿಸೋನನ್ನು ಊದಿಸೋ ಯಂತ್ರ ಇಲ್ಲ. ಅವನನ್ನು ನಿದ್ದೆಗೆಡಿಸಿದ ಮಾಲೀಕನನ್ನು ಹಿಡಿಯೋ ಯಂತ್ರವಂತೂ ಇಲ್ಲವೇ ಇಲ್ಲ.

ಹಾಗಾದರೆ ನಿಲ್ಲಿಸಿ ಮಲಗಬಹುದಲ್ಲಾ ಅಂತೀರಿ. ಸರಿಯಾದ ಮಾತು. ಹದಿನೈದು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದೆ.

ಆವತ್ತು ಎರಡು ಟ್ರಿಪ್ಪು ಹೊಡೆದು ಮೂರನೇದು. ಹೈವೇಗೆ ಸೇರೋ ಮುಂಚೆ ಒಂದು ಹಳ್ಳಿ. ಹೆಸರು ಬೇಡ. ಊರ ಮುಂದೆ ಅರಳಿಕಟ್ಟೆ, ಪಕ್ಕದಲ್ಲಿ ಗುಡಿ. ಹೊತ್ತು ಎರಡೂವರೆ ಇರಬೇಕು. ಇನ್ನು ಆಗೋದಿಲ್ಲ ಅನ್ನಿಸಿತು. ಲಾರಿ ಸೈಡಿಗೆ ಹಾಕಿ, ಕಟ್ಟೆ ಮೇಲೆ ಟವೆಲ್ಲು ಹಾಸಿ ಒರಗಿದೆ. ಐದು ನಿಮಿಷ ಆಗಿರಲಿಲ್ಲ. ಒಬ್ಬರು ಟಾರ್ಚು ಬಿಟ್ಟರು. ಯಾರಪ್ಪ ಅಂದರು. ಡ್ರೈವರು ಸ್ವಾಮಿ ಅಂದೆ. ಯಾವೂರು ಅಂದರು, ಹೇಳಿದೆ. ಆ ಊರಲ್ಲಿ ಯಾವ ಪೈಕಿ ಅಂದರು.

ಗೆಳೆಯರೇ, ಆ ಹೊತ್ತಲ್ಲಿ ಸುಳ್ಳು ಹೇಳೋದಕ್ಕೂ ಶಕ್ತಿ ಬೇಕು. ನನಗೆ ಅದಿರಲಿಲ್ಲ. ನಿಜ ಹೇಳಿದೆ. ಆತ ಬೈಯಲಿಲ್ಲ, ಹೊಡೆಯಲಿಲ್ಲ. ಬಲು ಮೆತ್ತಗೆ ಹೇಳಿದರು: "ದೇವರ ಕಟ್ಟೆ ಕಣಪ್ಪಾ. ನಾಳೆ ಪೂಜೆ ಐತೆ. ಮುಂದಕ್ಕೋಗಿ ಮಲಕ್ಕೋ." ಕಟ್ಟೆ ಮೇಲೆ ಒಂದು ನಾಯಿ ಮಲಗಿತ್ತು. ಅದನ್ನು ಎಬ್ಬಿಸಲಿಲ್ಲ.

ಟವೆಲ್ಲು ಹೆಗಲಿಗೆ ಹಾಕ್ಕೊಂಡು ಲಾರಿ ಹತ್ತಿದೆ. ಅವಮಾನದಲ್ಲಿ ನಿದ್ದೆ ಹಾರಿಹೋಯಿತು ಅಂದುಕೊಂಡೆ. ಎಂಟು ಕಿಲೋಮೀಟರ್ ಆದ ಮೇಲೆ ಹಿಂದಿನ ಎರಡು ಕಿಲೋಮೀಟರ್ ಹೇಗೆ ಬಂದೆ ಅನ್ನೋದೇ ನೆನಪಿರಲಿಲ್ಲ. ಇದು ನೆನಪಿಟ್ಟುಕೊಳ್ಳಿ, ಎಲ್ಲಕ್ಕಿಂತ ಕೆಟ್ಟ ಗುರುತು ಇದು. ಕ್ಲೀನರ್ ಹುಡುಗ "ಅಣ್ಣಾ!" ಅಂತ ಚೀರಿದ. ಎಡಗಡೆ ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿದಿತ್ತು. ಲೈಟಿನ ಬೆಳಕಲ್ಲಿ ಒಬ್ಬ ಮುದುಕಪ್ಪ, ತಲೆ ಮೇಲೆ ಹುಲ್ಲಿನ ಹೊರೆ. ಬಲಕ್ಕೆ ಎಳೆದೆ. ಹೊರೆಯ ಹುಲ್ಲು ಲಾರಿಗೆ ತಾಗಿ ಉದುರಿತು. ಮುದುಕಪ್ಪ ಉಳಿದ.

ಆಮೇಲೆ ರೋಡು ಪಕ್ಕ ನಿಲ್ಲಿಸಿ ಅತ್ತೆ. ಆ ಮುದುಕಪ್ಪ ಸತ್ತಿದ್ದರೆ ಕೊಂದವನು ಯಾರು? ಕೇಸು ನನ್ನ ಮೇಲೆ. ಟಾರ್ಚು ಬಿಟ್ಟವರು ಆ ಹೊತ್ತಿಗೆ ಮನೆಯಲ್ಲಿ ಕಂಬಳಿ ಹೊದ್ದು ಮಲಗಿರ್ತಿದ್ದರು.

ಬಾಬಾಸಾಹೇಬರ ಕಾಲು ಮುರಿದ ಕಥೆ ನೀವು ಓದಿರಬಹುದು. ಅವರೇ ಬರೆದಿಟ್ಟಿದ್ದಾರೆ. 1929ರಲ್ಲಿ ಮಹಾರಾಷ್ಟ್ರದ ಚಾಳೀಸಗಾಂವಿಗೆ ಹೋಗಿದ್ದರು. ಸ್ಟೇಷನ್ನಿಂದ ನಮ್ಮ ಜನರ ಕೇರಿಗೆ ಟಾಂಗಾ ಬೇಕು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸೋದಿಲ್ಲ ಅಂತ ಟಾಂಗಾದವರು ಅಂದರು. ಬಾಡಿಗೆ ತಗೋತೀವಿ, ಟಾಂಗಾ ಕೊಡ್ತೀವಿ, ನಾವು ಓಡಿಸೋದಿಲ್ಲ ಅಂದರು. ಕೇರಿಯವರಿಗೆ ತಮ್ಮ ನಾಯಕ ನಡೆದು ಬರಬಾರದು ಅನ್ನೋ ಅಭಿಮಾನ. ಓಡಿಸಿ ಗೊತ್ತಿಲ್ಲದ ನಮ್ಮವನೊಬ್ಬ ಹಗ್ಗ ಹಿಡಿದ. ಮೋರಿ ಮೇಲೆ ಚಕ್ರ ಸಿಕ್ಕಿಕೊಂಡಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. ಕುದುರೆ, ಗಾಡಿ ಹೊಳೆಗೆ ಬಿದ್ದವು.

ನಾನು ಇದನ್ನು ಡ್ರೈವರ್ ಕಣ್ಣಲ್ಲಿ ಓದಿದೆ. ಹಗ್ಗ ಹಿಡಿದವನು ಅವನು, ನಿಜ. ಆದರೆ ಅಪಘಾತ ಸ್ಟೇಷನ್ ಮುಂದೆಯೇ ಆಗಿಹೋಗಿತ್ತು, ಓಡಿಸೋದಿಲ್ಲ ಅಂದರಲ್ಲಾ ಆ ಗಳಿಗೆಯಲ್ಲಿ. ನನ್ನ ಲಾರಿ ಮಣ್ಣಿಗೆ ಇಳಿದದ್ದೂ ಎಂಟು ಕಿಲೋಮೀಟರ್ ಹಿಂದೆ, ಆ ಅರಳಿಕಟ್ಟೆ ಹತ್ತಿರ.

ನಮ್ಮ ಜನಕ್ಕೆ ನಿದ್ದೆಗೇಡು ಹೊಸದಲ್ಲ. ನಮ್ಮ ತಾತ ನೀರಗಂಟಿ. ರಾತ್ರಿ ಕೆರೆ ತೂಬು ಕಾದು ಊರ ಗದ್ದೆಗೆ ನೀರು ಬಿಡೋನು. ಅವನಿಗೆ ಗದ್ದೆ ಇರಲಿಲ್ಲ. ತೋಟಿ, ತಳವಾರರೂ ಹಾಗೇ. ಊರು ಮಲಗಬೇಕಾದರೆ ಹೊಲಗೇರಿ ಎಚ್ಚರ ಇರಬೇಕು. ಆ ವಂಶಪಾರಂಪರ್ಯ ಚಾಕರಿಯನ್ನು 1961ರ ಕಾಯ್ದೆ ತೆಗೆದುಹಾಕಿತು. ಲೈಸೆನ್ಸು ಕೈಗೆ ಬಂದಾಗ ನಾನೂ ಬಿಡುಗಡೆ ಆಯಿತು ಅಂದುಕೊಂಡೆ. ಸ್ಟೇರಿಂಗು ನನಗೆ ಮರ್ಯಾದೆ ಕೊಟ್ಟಿದೆ, ಸುಳ್ಳಾಡೋದಿಲ್ಲ. ಆದರೆ ತಾತನ ರಾತ್ರಿ ಮಾತ್ರ ನನ್ನ ಜೊತೆಗೇ ಬಂತು.

ಈಗ ಕಾನೂನಿನ ಮಾತು. ನೀವು ಓದಿದವರು, ನಿಮಗೆ ಬೇಕಾಗುತ್ತೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಖಾನೆ ಕೆಲಸ ವಾರಕ್ಕೆ 54 ಗಂಟೆ ಇದ್ದದ್ದು 48ಕ್ಕೆ ಇಳಿದದ್ದು 1946ರಲ್ಲಿ, ಅವರು ತಂದ ತಿದ್ದುಪಡಿಯಿಂದ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ನಮಗೂ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆಯಿತು. ಐದು ಗಂಟೆಗೆ ಒಮ್ಮೆ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ. ಕೇಳೋಕೆ ಚೆನ್ನಾಗಿದೆ. ಆದರೆ ಐದು ಜನಕ್ಕಿಂತ ಕಡಿಮೆ ಕೆಲಸಗಾರರಿದ್ದ ಕಡೆ ಅದು ತಾನಾಗಿ ಅನ್ವಯ ಆಗ್ತಿರಲಿಲ್ಲ. ನಮ್ಮ ಮಾಲೀಕರಿಗೆ ಎರಡು ಲಾರಿ. ಇಬ್ಬರು ಡ್ರೈವರು, ಇಬ್ಬರು ಕ್ಲೀನರು. ನಾಲ್ಕೇ ಜನ! ಇನ್ನೂ ಒಂದಿದೆ. ಬರೀ ಕಾದು ಕೂತ ಹೊತ್ತು ಕಾಲು ಗಂಟೆ ದಾಟಿದರೆ ಅದು ಕೆಲಸದ ಗಂಟೆ ಅಲ್ಲ ಅಂತ ಆ ಕಾಯ್ದೆಯ ಲೆಕ್ಕ ಇತ್ತು. ತೋಟದ ಹತ್ತಿರ, ಮಂಡಿ ಬಾಗಿಲಲ್ಲಿ ನಾವು ಕಾಯೋ ಗಂಟೆಗಟ್ಟಲೆ ಹೊತ್ತು ಯಾವ ಲೆಕ್ಕಕ್ಕೆ ಬರಬೇಕು? ಮಲಗೋಕೂ ಬಿಡೋದಿಲ್ಲ, ದುಡಿಮೆ ಅಂತಲೂ ಬರೆಯೋದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಸಾಗಣೆ ವಾಹನ ಓಡಿಸುವವರ ಗಂಟೆಗಳನ್ನು ಅದೇ 1961ರ ಮಿತಿಗೆ ಕಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಹಳೆ ಕಾಯ್ದೆಯನ್ನು ನುಂಗಿಕೊಂಡಿದೆ. ದಿನಕ್ಕೆ 8 ಗಂಟೆ ಅನ್ನೋ ಮಾತು ಅದರಲ್ಲೂ ಇದೆ. ಕಾಗದದ ಮೇಲಿನ ಎಂಟು ಗಂಟೆ ರೋಡಿಗೆ ಇಳಿಯೋದು ಯಾವಾಗ?

ಅಪಘಾತ ಆದ ಮೇಲೆ ಮಾತ್ರ ಕಾನೂನು ಓಡಿಬರುತ್ತೆ. ನನ್ನ ಜೊತೆಗಾರನೊಬ್ಬ ಬೆಳಗಿನ ನಾಲ್ಕೂವರೆಯಲ್ಲಿ ನಿಂತ ಲಾರಿಗೆ ಹಿಂದಿನಿಂದ ಗುದ್ದಿದ. ಅವನು ಅಲ್ಲೇ ಹೋದ. ಕ್ಲೀನರ್ ಹುಡುಗನ ಒಂದು ಕಾಲು ಹೋಯಿತು. ಆ ಹುಡುಗ ನಿಮ್ಮ ಹಾಗೆ ಹಾಸ್ಟೆಲಿನವನು, ರಜೆಯಲ್ಲಿ ಫೀಸಿಗೆ ಅಂತ ಬಂದಿದ್ದ. ಕಾಗದದಲ್ಲಿ ಬರೆದದ್ದು "ಚಾಲಕನ ಅತಿವೇಗ ಮತ್ತು ಅಜಾಗರೂಕತೆ." ಅವನು ಎಷ್ಟು ಗಂಟೆಯಿಂದ ಎಚ್ಚರ ಇದ್ದ ಅನ್ನೋದಕ್ಕೆ ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. 2024ರ ಜುಲೈ 1ರಿಂದ ಇಂಥ ಸಾವಿಗೆ ಶಿಕ್ಷೆ ಎರಡು ವರ್ಷದಿಂದ ಐದು ವರ್ಷದವರೆಗೆ ಏರಿದೆ. ಡ್ರೈವರಿಗೆ ಜೈಲು ಹೆಚ್ಚಿತು, ನಿದ್ದೆ ಹೆಚ್ಚಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಣ್ಣ, ಮಾವ ಡ್ರೈವರುಗಳು. ನಾಳೆ ನಿಮ್ಮಲ್ಲೂ ಕೆಲವರು ಸ್ಟೇರಿಂಗು ಹಿಡೀತೀರಿ. ಅದಕ್ಕೇ ನಾನು ಕಲಿತದ್ದನ್ನು ಹೇಳ್ತೀನಿ, ಮನೆಗೆ ಹೋಗಿ ಹೇಳಿ.

ಆಕಳಿಕೆ ಮೇಲೆ ಆಕಳಿಕೆ, ಕಣ್ಣುರಿ, ಗೇರು ತಪ್ಪೋದು, ಬೋರ್ಡು ಕಂಡೂ ಓದದೆ ಹೋಗೋದು, ಬಂದ ದಾರಿ ನೆನಪಿಲ್ಲದಿರೋದು. ಇಷ್ಟರಲ್ಲಿ ಒಂದು ಬಂದರೂ ನಿಲ್ಲಿಸಲೇಬೇಕು. ರೋಡಿನ ಅಂಚಲ್ಲಿ ಅಲ್ಲ. ಪೆಟ್ರೋಲ್ ಬಂಕು, ಟೋಲು, ಡಾಬಾ, ಬೆಳಕಿರೋ ಜಾಗದಲ್ಲಿ. ಒಂದು ಟೀ ಕುಡಿದು ತಕ್ಷಣ ಮಲಗಬೇಕು. ಟೀ ಮೈಗೆ ಹತ್ತೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ಒಂದು ಸಣ್ಣ ನಿದ್ದೆ ಆಗಿರುತ್ತೆ. ಎದ್ದ ತಕ್ಷಣ ಗಾಡಿ ಎತ್ತಬೇಡಿ. ಹತ್ತು ಹದಿನೈದು ನಿಮಿಷ ಓಡಾಡಿ, ಟೈರು ತಟ್ಟಿ ನೋಡಿ. ರಾತ್ರಿ ಹೊಟ್ಟೆ ಬಿರಿಯ ಉಣ್ಣಬೇಡಿ. ಎರಡು ಮುದ್ದೆ ಉಣ್ಣೋ ಕಡೆ ಒಂದು ಸಾಕು. ಹೊರಡೋ ಮುಂಚೆ ಸಂಜೆ ಒಂದು ಗಂಟೆ ಮಲಗಿದರೆ ಅದು ಬೆಳಗಿನ ನಾಲ್ಕಕ್ಕೆ ಕೈ ಹಿಡಿಯುತ್ತೆ. ಜೋರು ಗೊರಕೆ ಹೊಡೆಯೋರು, ಉಸಿರು ಕಟ್ಟಿ ಏಳೋರು, ಎಷ್ಟು ಮಲಗಿದರೂ ತೂಕಡಿಸೋರು ಡಾಕ್ಟರಿಗೆ ತೋರಿಸಲೇಬೇಕು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ.

ಮನೆಯಲ್ಲಿ ಅಪ್ಪ ಹಗಲು ಮಲಗಿದ್ದರೆ ಸೋಮಾರಿ ಅನ್ನಬೇಡಿ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಶೀಟಿನ ಮೇಲೆ ಒದ್ದೆ ಗೋಣಿಚೀಲ ಹಾಸಿ. ಫೋನು ನೀವು ಇಟ್ಟುಕೊಳ್ಳಿ. ಮಾಲೀಕರು ಕರೆದರೆ "ಮಲಗಿದ್ದಾರೆ, ಆರು ಗಂಟೆಗೆ ಏಳ್ತಾರೆ" ಅಂತ ನೀವೇ ಹೇಳಿ. ಓದಿದ ಮಕ್ಕಳು ಹೇಳಿದರೆ ಆ ಮಾತಿಗೆ ಬೇರೆ ತೂಕ.

ಇನ್ನೊಂದು ಕೆಲಸ ನಿಮ್ಮಿಂದ ಆಗಬೇಕು. ಒಂದು ನೋಟುಬುಕ್ಕು ಕೊಡಿ ಅವರಿಗೆ. ಲೋಡಿಗೆ ಹೋದ ಹೊತ್ತು, ಹೊರಟ ಹೊತ್ತು, ಕಾದ ಹೊತ್ತು, ಮಲಗಿದ ಹೊತ್ತು. ಬರೆಯೋಕೆ ಬಾರದಿದ್ದರೆ ನೀವು ಬರೆಯಿರಿ. ಅಜಾಗರೂಕತೆ ಅಂತ ಬರೆಯೋ ಕಾಗದಕ್ಕೆ ಎದುರಾಗಿ ನಮ್ಮ ಕೈಯಲ್ಲೂ ಒಂದು ಕಾಗದ ಇರಬೇಕು.

ಇಷ್ಟು ಮಾಡಿದರೂ ಒಬ್ಬೊಬ್ಬನೇ ನಿದ್ದೆ ಗಳಿಸೋಕಾಗಲ್ಲ. ಮಲಗೋಕೆ ಹೊತ್ತು ಬೇಕು, ಮಲಗೋಕೆ ಜಾಗ ಬೇಕು. ಹೊತ್ತನ್ನು ಮಾಲೀಕ ಕಿತ್ತುಕೊಂಡ, ಜಾಗವನ್ನು ಜಾತಿ ಕಿತ್ತುಕೊಂಡಿತು. ಟ್ರಿಪ್ಪಿನ ಲೆಕ್ಕದ ಕೂಲಿ ಹೋಗಿ ಗಂಟೆ ಲೆಕ್ಕದ ಕೂಲಿ ಬರಬೇಕು, ಕಾದ ಗಂಟೆಯೂ ಸೇರಿ. ಪ್ರತಿ ಮಂಡಿಯಲ್ಲೂ ಡ್ರೈವರು ಕ್ಲೀನರು ಮಲಗೋಕೆ ಒಂದು ಕೋಣೆ, ಸ್ನಾನಕ್ಕೆ ನೀರು ಬೇಕು. ಯಾವ ಪೈಕಿ ಅಂತ ಕೇಳದ ಜಾಗ ಅದಾಗಿರಬೇಕು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲರದೂ ಅಂತ ಹೇಳಿದೆ. 1955ರ ಕಾಯ್ದೆ ಛತ್ರ, ಧರ್ಮಶಾಲೆಯನ್ನೂ ಸೇರಿಸಿದೆ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಒಂದು ಬೊಗಸೆ ನೀರಿಗಾಗಿ ಸಾವಿರಾರು ಜನರ ಜೊತೆ ಕೆರೆಗೆ ನಡೆದರು. ದಣಿದವನು ಕುಡಿಯೋ ನೀರು ಹೇಗೆ ಹಕ್ಕೋ, ದಣಿದವನು ಒರಗೋ ಕಟ್ಟೆಯೂ ಹಾಗೇ ಹಕ್ಕು.

ನಿಮಗೆ ಇಲ್ಲಿ ಒಂದು ಮಂಚ, ಒಂದು ಹೊದಿಕೆ ಸಿಕ್ಕಿದೆ. ಅದಕ್ಕೂ ಹಿಂದಿನವರು ಹೋರಾಡಿದ್ದಾರೆ. ಚೆನ್ನಾಗಿ ಮಲಗಿ, ಚೆನ್ನಾಗಿ ಓದಿ. ಬೆಳಗ್ಗೆ ನಿಮ್ಮ ಸಾರಿಗೆ ಬೀಳೋ ಟೊಮೆಟೊ ಯಾರದೋ ನಿದ್ದೆಗೆಟ್ಟ ಕಣ್ಣು ದಾಟಿ ಬಂದದ್ದು ಅನ್ನೋದು ನೆನಪಿರಲಿ. ಆ ಅರಳಿಕಟ್ಟೆ ಈಗಲೂ ಅಲ್ಲೇ ಇದೆ. ಒಂದು ದಿನ ನಾವೆಲ್ಲ ಸೇರಿ ಹೋಗಿ, ಹಗಲು ಹೊತ್ತಲ್ಲೇ, ಅದರ ಮೇಲೆ ಕೂತು ಮಾತಾಡೋಣ.

ನನಗೆ ಹೊತ್ತಾಯಿತು. ರಾತ್ರಿ ಲೋಡಿದೆ. ಹೋಗೋ ಮುಂಚೆ ಒಂದು ಗಂಟೆ ಮಲಗಬೇಕು.

ಜೈ ಭೀಮ್.